ಹೊಟ್ಟೆಕಿಚ್ಚಿನ ಹನ್ನೆರಡು ಮೈಲಿ

೧೯೫೨ನೇ ಇಸವಿ ಡಿಸೆಂಬರ್ ಇಪ್ಪತ್ತೇಳು, ಶನಿವಾರ. ಬಸವನಗುಡಿಯಲ್ಲಿ ಬೆಳಗ್ಗೆ ಎದುರು ಮನೆ ಕಾಣದಷ್ಟು ಮಂಜು. ಹತ್ತು ಗಂಟೆಯ ಮೇಲೆ ಒಳ್ಳೆಯ ಬಿಸಿಲು.

ಎದುರು ಮನೆ ಕಾಣದ ಬೆಳಗುಗಳು ನನಗೆ ಇಷ್ಟ. ಕಂಡ ದಿನಗಳಲ್ಲೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಆ ಮನೆಯವರು ಬ್ಯಾಂಕಿನಲ್ಲಿ ಗುಮಾಸ್ತರು. ನನ್ನದೇ ವಯಸ್ಸು, ಹೆಚ್ಚು ಕಡಿಮೆ ನನ್ನದೇ ಸಂಬಳ. ಅವರಿಂದ ನನಗೆ ಯಾವ ಕೆಡುಕೂ ಆಗಿಲ್ಲ. ಆಗಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಅವರು ಪ್ರತಿ ಕ್ರಿಸ್ಮಸ್ ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎರಡು ಸೈಕಲ್ಲಿನಲ್ಲಿ ಊರಾಚೆ ಹೋಗುತ್ತಾರೆ. ಒಂದು ರಾತ್ರಿ ಗುಡಾರದಲ್ಲಿ ಮಲಗುತ್ತಾರೆ. ಮರುದಿನ ಮದುವೆ ಮನೆಯಿಂದ ಬಂದವರ ಹಾಗೆ ನಗುನಗುತ್ತಾ ಬಂದು, ಒಂದು ವಾರ ಬೀದಿಗೆಲ್ಲ ಅದನ್ನೇ ಹೇಳುತ್ತಾರೆ. ಇಷ್ಟೇ ಅವರ ಅಪರಾಧ.

೧. ಪ್ರಬಂಧ

ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳುವವನು. ನನ್ನ ಮಗನಿಗೆ ಎಂಟು ವರ್ಷ. ಅದೇ ಶಾಲೆಯ ಕೆಳಗಿನ ತರಗತಿಯಲ್ಲಿ ಓದುತ್ತಾನೆ. ಹಿಂದಿನ ಜನವರಿಯಲ್ಲಿ ಅವರ ಕನ್ನಡ ಪಂಡಿತರು 'ನಾನು ರಜೆ ಕಳೆದ ಬಗೆ' ಎಂದು ಪ್ರಬಂಧ ಬರೆಸಿದ್ದರು. ಮಾರನೆಯ ದಿನ ಉಪಾಧ್ಯಾಯರ ಕೊಠಡಿಯಲ್ಲಿ, ಎಲ್ಲರೂ ಕಾಫಿ ಕುಡಿಯುವಾಗ, ಪಂಡಿತರು ಒಂದನ್ನು ಎತ್ತಿ ಓದಿದರು.

"ನಮ್ಮ ಎದುರು ಮನೆ ಮಾವ ಬಹಳ ಧೈರ್ಯಶಾಲಿ. ಅವರು ಸೈಕಲ್ಲಿನಲ್ಲಿ ಕಾಡಿಗೆ ಹೋಗುತ್ತಾರೆ. ಗುಡಾರ ಹಾಕುತ್ತಾರೆ. ನಮ್ಮ ತಂದೆಯವರು ಭೂಗೋಳದ ಮೇಷ್ಟ್ರು. ಅವರು ಗಾಂಧಿ ಬಜಾರಿಗೆ ಹೋಗುತ್ತಾರೆ."

ನಾನು ಲೋಟವನ್ನೇ ನೋಡುತ್ತಾ ಕುಳಿತೆ. ಪಂಡಿತರು ಭುಜ ತಟ್ಟಿ, "ಒಳ್ಳೇ ಕೈ ಇದೆ ಹುಡುಗಂದು. ಒಂದು ಉತ್ಪ್ರೇಕ್ಷೆ ಇಲ್ಲ" ಎಂದರು.

ಮುಂದಿನ ಜನವರಿಯ ಪ್ರಬಂಧದಲ್ಲಿ ನಾನಿರಬೇಕು ಎಂದು ಆ ದಿನವೇ ತೀರ್ಮಾನಿಸಿದೆ.

೨. ಬೆಲ್ಲು, ಬ್ರೇಕು

ಎದುರು ಮನೆಯಾಕೆ ಒಂದು ಸೈಕಲ್ ತುಳಿಯುತ್ತಾರೆ. ಆದ್ದರಿಂದ ನನಗೆ ಮೊದಲ ತೊಡಕು ನನ್ನ ಹೆಂಡತಿ. ಬಹಳ ಹಿಂದುಮುಂದು ನೋಡಿ, "ನಿನಗೆ ಸೈಕಲ್ ಕಲಿಸೋಣ ಅಂತಿದೀನಿ" ಎಂದೆ.

"ಯಾರು ಕಲಿಸೋದು? ನೀವಾ?" ಎಂದಳು. ಅವಳು ಮಲ್ಲೇಶ್ವರದವಳು. ಸ್ಕೂಲಿಗೆ ನಾಲ್ಕು ವರ್ಷ ಸೈಕಲ್ಲಿನಲ್ಲಿ ಹೋಗಿದ್ದಳಂತೆ. ಮದುವೆಯಾಗಿ ಹತ್ತು ವರ್ಷವಾಗಿತ್ತು. ಇದುವರೆಗೆ ಹೇಳಲಿಲ್ಲವಲ್ಲ ಎಂದರೆ, "ನೀವು ಕೇಳಿದ್ದರೆ ತಾನೇ?" ಎಂದಳು.

ಸೈಕಲ್ ತರಲು ಚಾಮರಾಜಪೇಟೆಯ ಬಾಡಿಗೆ ಅಂಗಡಿಗೆ ಹೋದೆ. ರಜೆಯ ದಿನವಾದ್ದರಿಂದ ಎರಡೇ ಉಳಿದಿದ್ದವು. ಹೆಂಗಸರ ಸೈಕಲ್ಲಿಗೆ ಬೆಲ್ಲಿರಲಿಲ್ಲ. ಗಂಡಸರದಕ್ಕೆ ಬೆಲ್ಲಿತ್ತು, ಬ್ರೇಕಿರಲಿಲ್ಲ. ಇದೇನಪ್ಪ ಎಂದರೆ ಅಂಗಡಿಯವನು ಸ್ವಲ್ಪವೂ ಅಳುಕಲಿಲ್ಲ.

"ಒಂದಕ್ಕೆ ಬೆಲ್ಲು, ಒಂದಕ್ಕೆ ಬ್ರೇಕು. ಮನೆಯವರೆಲ್ಲ ಒಟ್ಟಿಗೆ ತಾನೇ ಸಾರ್ ಹೋಗೋದು?"

೩. ಪ್ರಸ್ಥಾನ

ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಎಂಟಕ್ಕೇ ಹೊರಡುವುದೆಂದು ಮಾತಾಗಿತ್ತು. ಎಂಟೂಮುಕ್ಕಾಲಾದರೂ ನಾಲ್ಕು ವರ್ಷದ ಮಗಳ ಒಂದು ಬೂಟು ಸಿಕ್ಕಿರಲಿಲ್ಲ. ಸ್ಕೌಟ್ ಮೇಷ್ಟ್ರಿಂದ ಕೇಳಿ ತಂದ ಗುಡಾರದ ಬಟ್ಟೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಲು ಒಪ್ಪುತ್ತಿರಲಿಲ್ಲ.

ನಮ್ಮ ತಾಯಿ ಪಂಚಾಂಗ ಹಿಡಿದು ಬಾಗಿಲಲ್ಲಿ ನಿಂತರು. "ಇನ್ನು ಹದಿನೈದು ನಿಮಿಷದಲ್ಲಿ ನೀವು ಹೊರಡೋದು ಸುಳ್ಳು. ಪ್ರಸ್ಥಾನ ಇಟ್ಟುಬಿಡೋ."

ಒಳ್ಳೆಯ ಹೊತ್ತಿನಲ್ಲಿ ಹೊರಡಲು ಆಗದವರು ತಮ್ಮ ಸಾಮಾನಿನಲ್ಲಿ ಒಂದನ್ನು ಒಯ್ದು ಬೇರೆಯವರ ಮನೆಯಲ್ಲಿ ಇಡುವುದುಂಟು. ಸಾಮಾನು ಹೊರಟರೆ ನಾವೂ ಹೊರಟ ಲೆಕ್ಕ. ಆಮೇಲೆ ಯಾವಾಗ ಹೋದರೂ, ಹೋಗುವಾಗ ಅದನ್ನು ಎತ್ತಿಕೊಂಡರೆ ಆಯಿತು. ಕೈಗೆ ಸಿಕ್ಕ ಒಂದು ಚೀಲ ತೆಗೆದುಕೊಂಡು ಬೀದಿಗಿಳಿದೆ. ಎಡಗಡೆ ಮನೆಗೆ ಬೀಗ. ಬಲಗಡೆ ಮನೆಯಲ್ಲಿ ಸೂತಕ. ಮಂಜು ಕರಗುತ್ತಾ ಬಂದಿತ್ತು. ಎದುರು ಮನೆ ಸ್ಪಷ್ಟವಾಗಿ ಕಂಡಿತು.

"ಇಡಿ ಮೇಷ್ಟ್ರೇ, ಇಡಿ" ಎಂದು ಅವರು ಚೀಲವನ್ನು ತಾವೇ ಇಸಿದುಕೊಂಡರು. ಅವರು ರಜೆಯ ಮೊದಲ ದಿನವೇ ಹೋಗಿ ಬಂದಾಗಿತ್ತು. "ನಮಗೆ ಈ ಪ್ರಸ್ಥಾನ ಗಿಸ್ಥಾನ ಗೊತ್ತಿಲ್ಲ ನೋಡಿ. ಆರು ಗಂಟೆಗೇ ಹೊರಟುಬಿಡ್ತೀವಿ. ಮಕ್ಕಳೇ ನಮ್ಮನ್ನ ಎಬ್ಬಿಸ್ತಾವೆ."

ರಾಹು ಸೂರ್ಯನನ್ನು ನುಂಗುತ್ತಾನೆಂದು ಕೇಳಿದ್ದೇನೆ. ಆಯ್ಕೆಯಲ್ಲಿ ತಪ್ಪಿದ್ದಾನೆ ಎನಿಸಿತು.

೪. ಶಿಳ್ಳೆ

ಹನ್ನೊಂದಕ್ಕೆ ಹೊರಟೆವು. ಮಗಳು ನನ್ನ ಮುಂದೆ ಪುಟ್ಟ ಸೀಟಿನಲ್ಲಿ, ಗುಡಾರ ನನ್ನ ಹಿಂದೆ. ಮಗ ಅವನ ತಾಯಿಯ ಹಿಂದೆ. ಹೋಗಬೇಕಾದ್ದು ಕೆಂಗೇರಿ ದಾಟಿ ಒಂದು ಕೆರೆಯ ಪಕ್ಕದ ಮಾವಿನ ತೋಪಿಗೆ, ಹನ್ನೆರಡು ಮೈಲಿ. ಆ ಜಾಗವನ್ನು ಮೊದಲು ಹೇಳಿದವರು ಕೂಡ ಎದುರು ಮನೆಯವರೇ. ಬೇರೆ ಜಾಗ ನನಗೆ ಗೊತ್ತಿದ್ದರೆ ತಾನೇ.

ಮಕ್ಕಳಿಗೆ ಬಾಯಾರಿಕೆ ಒಟ್ಟಿಗೆ ಆಗುತ್ತದೆ; ಒಂದಕ್ಕೆ ಹೋಗಬೇಕೆನ್ನುವುದು ಮಾತ್ರ ಎಂದೂ ಒಟ್ಟಿಗೆ ಬರುವುದಿಲ್ಲ. ಮೊದಲ ಐದು ಮೈಲಿಗೆ ಏಳು ಸಲ ಇಳಿದೆವು. ಆಮೇಲೆ ಏರು ಬಂತು. ನಾನು ಇಳಿದು ಸೈಕಲ್ ತಳ್ಳತೊಡಗಿದೆ. ಹಿಂದಿನಿಂದ "ರೀ, ಪಕ್ಕಕ್ಕೆ!" ಎಂದು ಕೂಗು ಕೇಳಿತು. ಅವಳದಕ್ಕೆ ಬೆಲ್ಲಿರಲಿಲ್ಲವಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನನ್ನು ದಾಟಿ ಹೋದಳು. ಹಿಂದೆ ಕುಳಿತ ಮಗ ತಿರುಗಿ ಕೇಳಿದ:

"ಅಪ್ಪ, ಎದುರು ಮನೆ ಮಾವ ಇಲ್ಲಿ ಇಳೀತಾರಾ?"

"ಇಳೀತಾರೆ. ಎಲ್ಲರೂ ಇಳೀತಾರೆ."

"ಇಲ್ವಂತೆ. ಇಲ್ಲಿ ಅವರು ಶಿಳ್ಳೆ ಹೊಡ್ಕೊಂಡು ಹತ್ತುತಾರಂತೆ."

ತಾಯಿ ಮಗ ಕಣ್ಣಿಗೆ ಮರೆಯಾದ ಮೇಲೆ ಸೈಕಲ್ ಹತ್ತಿದೆ. ಶಿಳ್ಳೆಯನ್ನೂ ಶುರು ಮಾಡಿದೆ. ಎದುರಿನಿಂದ ಬರುತ್ತಿದ್ದ ಗಾಡಿಯವನು ಎತ್ತುಗಳನ್ನು ನಿಲ್ಲಿಸಿ ಕಿವಿಗೊಟ್ಟು ಕೇಳಿದ. "ಇಳೀರಿ ಸಾಮಿ, ಇಳೀರಿ. ಟೂಬಿಂದ ಗಾಳಿ ಹೋಗ್ತಾ ಐತೆ" ಎಂದ.

ಏರಿನ ಆಚೆ ಇಳಿಜಾರು. ಅಲ್ಲಿ ನಾನು ಹೆಂಡತಿಯನ್ನೂ ಮಗನನ್ನೂ ಬಹಳ ವೇಗವಾಗಿ ದಾಟಿದೆ. ಮಗ ಚಪ್ಪಾಳೆ ತಟ್ಟಿದ. ಬೆಲ್ಲು ಬಾರಿಸುತ್ತಲೇ ಇದ್ದೆ. ಕೊನೆಗೆ ನಮ್ಮನ್ನು ನಿಲ್ಲಿಸಿದ್ದು ರಸ್ತೆಯ ಪಕ್ಕದ ಹುಲ್ಲಿನ ಮೆದೆ. ಮಗಳು ಕೂದಲಿಗೆ ಹುಲ್ಲು ಮೆತ್ತಿಕೊಂಡು ಎದ್ದು ಕೂತು, "ಇನ್ನೊಂದ್ಸಲ" ಎಂದಳು.

೫. ಚೀಲ

ತೋಪು ಸೇರಿದಾಗ ಮೂರು ಗಂಟೆ. ಗುಡಾರದ ಬಟ್ಟೆ ಹಾಸಿದೆವು. ಹಗ್ಗ ಎಲ್ಲಿ? ಗೂಟ ಎಲ್ಲಿ? ಬೆಂಕಿಪೊಟ್ಟಣ, ಸ್ಟೌವಿನ ಪಿನ್ನು? ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಎಲ್ಲವೂ ಶಾಸ್ತ್ರೋಕ್ತವಾಗಿ ಒಂಬತ್ತಕ್ಕೆ ಮುಂಚೆಯೇ ಹೊರಟು ಎದುರು ಮನೆಯಲ್ಲಿದ್ದವು. ಬರುವಾಗ ಎತ್ತಿಕೊಳ್ಳುವುದನ್ನು ಮರೆತಿದ್ದೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಹೊರಡುವಾಗ ಆ ಕಡೆ ನೋಡಬಾರದೆಂದು ಮುಖ ತಿರುಗಿಸಿಕೊಂಡಿದ್ದೆ.

ಮಗನಿಗೆ ಹೇಳಿದೆ: "ಹಿಂದಿನ ಕಾಲದ ಯಾತ್ರಿಕರೆಲ್ಲ ಬಯಲಿನಲ್ಲೇ ಮಲಗ್ತಿದ್ದರು. ನಕ್ಷತ್ರ ನೋಡ್ಕೊಂಡು. ಎಷ್ಟೋ ಪುಸ್ತಕದಲ್ಲಿ ಓದಿದೀನಿ."

"ಅವರ ಜೊತೆ ನಾಲ್ಕು ವರ್ಷದ ಮಗು ಇರ್ತಿತ್ತಾ ಅಂತಾನೂ ಬರೆದಿದಾರಾ?" ಎಂದಳು ಹೆಂಡತಿ.

ಒಂದು ಗಂಟೆ ಹೀಗೆ ಕಳೆಯಿತು. ಆಗ ಕೆರೆಯ ಏರಿಯ ಮೇಲೆ ಸೈಕಲ್ ಬೆಲ್ಲು ಕೇಳಿತು. ಆಮೇಲೆ ಶಿಳ್ಳೆ.

"ಮೇಷ್ಟ್ರೇ! ನಿಮ್ಮ ಪ್ರಸ್ಥಾನ ಬಂತು!"

ಹತ್ತು ನಿಮಿಷದಲ್ಲಿ ಎರಡು ಮರಗಳ ನಡುವೆ ಗುಡಾರ ನಿಂತಿತು. ಸ್ಟೌ ಭುಸ್ಸೆಂದಿತು. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, "ಆರು ಗಂಟೆಗೆ ಬ್ಯಾಡ್ಮಿಂಟನ್ ಇದೆ, ಬರ್ತೀನಿ" ಎಂದು ಸೈಕಲ್ ಹತ್ತಿದರು. ಹನ್ನೆರಡು ಮೈಲಿ ತುಳಿದು ಬಂದವರ ಅಂಗಿಯಲ್ಲಿ ಇಸ್ತ್ರಿಯ ಗೆರೆ ಹಾಗೇ ಇತ್ತು. ಇದನ್ನು ನಾನು ಗಮನಿಸಿದೆ. ಹೆಂಡತಿಯೂ ಗಮನಿಸಿದಳು ಎನ್ನುವುದನ್ನೂ ಗಮನಿಸಿದೆ.

ಮಗ ಅವರು ಮರೆಯಾಗುವವರೆಗೂ ಕೈ ಬೀಸಿದ. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪ, ಇದನ್ನ ಪ್ರಬಂಧದಲ್ಲಿ ಬರೀತೀನಿ" ಎಂದ.

೬. ಔದಾರ್ಯ

ಹೊತ್ತು ಮುಳುಗುವಾಗ ಪಕ್ಕದ ಹೊಲದ ರೈತ ಬಂದು ನಿಂತ. ಗುಡಾರ ನೋಡಿದ, ಪಾತ್ರೆ ನೋಡಿದ, ಮಕ್ಕಳನ್ನು ನೋಡಿದ. ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಯಾಕ್ ಸಾಮಿ, ಮನೆ ಬಿಡಿಸ್ಬುಟ್ರಾ?"

"ಇಲ್ಲಪ್ಪ. ಮನೆ ಇದೆ. ಬಸವನಗುಡೀಲಿ."

"ಮತ್ತೆ ಇಲ್ಯಾಕೆ ಮಲಗ್ತಾ ಇದೀರಿ?"

"ಸುಮ್ಮನೆ. ಸಂತೋಷಕ್ಕೆ."

ಅವನ ಕಣ್ಣಿನಲ್ಲಿ ಮರುಕ ಹೆಚ್ಚಾಯಿತು. "ಇರಲಿ ಬುಡಿ. ಕಷ್ಟ ಯಾರ್ಗೆ ಬರಾಕಿಲ್ಲ" ಎಂದು ಹೋದವನು ಬಿಸಿ ಮುದ್ದೆ, ಅವರೆಕಾಳಿನ ಸಾರು ತಂದ. ಮನೆಯಲ್ಲಿ ಅನ್ನ ತಿನ್ನಲೂ ಅಳುವ ಮಗ ಎರಡು ಮುದ್ದೆ ನುಂಗಿದ. ರೈತ ಅವನ ತಲೆ ಸವರಿ, "ಎಷ್ಟು ದಿನ ಆಗಿತ್ತೋ ಕೂಸು ಉಂಡು" ಎಂದ. ಹೊರಡುವಾಗ ನನ್ನ ಹೆಂಡತಿಗೆ ಹೇಳಿದ: "ನಾಳೆ ಅವರೆಕಾಯಿ ಕೀಳೋದೈತೆ ಕಣವ್ವ. ಬಾ, ಕೂಲಿ ಕೊಡ್ತೀನಿ." ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಬ್ಯಾಡ ಸಾಮಿ. ಮಕ್ಕಳನ್ನ ನೋಡ್ಕಳಿ" ಎಂದ.

ರಾತ್ರಿ ಇಬ್ಬನಿ ಬಿದ್ದು ಗುಡಾರದ ಬಟ್ಟೆ ಸೋರಿತು. ಇರುವೆಗಳು ಬಂದವು. ಮಕ್ಕಳು ಸರದಿಯ ಮೇಲೆ ಅತ್ತರು. ಬೆಳಗ್ಗೆ ಹಗ್ಗ ಬಿಚ್ಚಲು ಹೋದರೆ ಎದುರು ಮನೆಯವರು ಹಾಕಿದ್ದ ಗಂಟು ಬಿಚ್ಚಲೇ ಇಲ್ಲ. ಕುಡುಗೋಲು ತಂದು ಕತ್ತರಿಸಿಕೊಟ್ಟ ರೈತ ಗಂಟನ್ನು ತಿರುಗಿಸಿ ನೋಡಿ, "ಇದು ನೀವ್ ಹಾಕಿದ್ದಲ್ಲ, ಅಲ್ವಾ?" ಎಂದು ಕೇಳಿದ.

೭. ಜಗುಲಿ

ಹಿಂತಿರುಗುವ ದಾರಿಯಲ್ಲಿ ಹೆಂಡತಿ ನಾಲ್ಕು ಮೈಲಿ ತಿರುಗಿ ನೋಡದೆ ಮುಂದೆ ಮುಂದೆ ತುಳಿದಳು. ಮಗಳು ಇನ್ನೊಂದು ಸಲ ಎನ್ನುವುದನ್ನು ಬಿಟ್ಟಿದ್ದಳು. ಮಗ ಮಾತ್ರ ಪ್ರಬಂಧದ ಮೊದಲ ವಾಕ್ಯ ಗಟ್ಟಿ ಮಾಡುತ್ತಿದ್ದ. ಅದರಲ್ಲಿ 'ಎದುರು ಮನೆ ಮಾವ' ಎರಡು ಸಲ ಬಂದಿತ್ತು. ಚಾಮರಾಜಪೇಟೆಯಲ್ಲಿ ಸೈಕಲ್ ಹಿಂದಿರುಗಿಸಿ, ಒಂದು ಹೊಂಗೆಮರದ ನೆರಳಿನಲ್ಲಿ ನಿಂತು, ನಾವು ನಾಲ್ವರೂ ಸ್ವಲ್ಪ ಹೊತ್ತು ಮಾತನಾಡಿದೆವು. ಆ ಮಾತು ನಮ್ಮ ಮನೆಯ ವಿಷಯ.

ಸಂಜೆ ಎಲ್ಲರೂ ಜಗುಲಿಯ ಮೇಲೆ ಕುಳಿತಿದ್ದೆವು. ಎದುರು ಮನೆಯವರು ಬೀದಿ ದಾಟಿ ಬಂದರು.

"ಹೇಗಿತ್ತು ಮೇಷ್ಟ್ರೇ? ಇಬ್ಬನಿ ಜಾಸ್ತಿ ಇತ್ತೇನೋ?"

ನಾನು ಮಿತಭಾಷಿ. ಸುಮ್ಮನೆ ಮಗನ ಕಡೆ ನೋಡಿದೆ.

"ಬಹಳ ಚೆನ್ನಾಗಿತ್ತು ಮಾವ. ಅಪ್ಪ ಸೈಕಲ್ಲಲ್ಲಿ ಎಲ್ಲರನ್ನೂ ಹಿಂದೆ ಹಾಕಿದರು" ಎಂದ ಮಗ.

"ವಾಪಸ್ಸು ಬರೋಕೇ ಮನಸ್ಸಿರ್ಲಿಲ್ಲ" ಎಂದಳು ಹೆಂಡತಿ, ಹೂ ಕಟ್ಟುತ್ತಾ, ತಲೆ ಎತ್ತದೆ. "ಇನ್ನೆರಡು ದಿನ ಇರೋಣ ಅಂತ ನಾನೇ ಹೇಳಿದೆ."

"ನಾನು ಅಳಲೇ ಇಲ್ಲ" ಎಂದಳು ಮಗಳು.

ಎದುರು ಮನೆಯವರ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. "ಇನ್ನೆರಡು ದಿನಾನಾ? ನಿಮ್ಮನೆಯವರೇ ಕೇಳಿದ್ರಾ?" ಎಂದರು. ಆ ದನಿ ನನಗೆ ಗುರುತಿತ್ತು. ಇಷ್ಟು ವರ್ಷ ನನ್ನೊಳಗೇ ಕೇಳಿದ್ದೆ. ಯಾವ ದೇಶದ ನಕ್ಷೆಯನ್ನೂ ನಾನು ಅಷ್ಟು ಸಂತೋಷದಿಂದ ನೋಡಿಲ್ಲ, ಆ ಮುಖವನ್ನು ನೋಡಿದಂತೆ.

ಆಗ ಮಗಳು ನನ್ನ ಪಂಚೆ ಎಳೆದಳು. "ಅಪ್ಪ, ಸರಿಯಾಗಿ ಹೇಳಿದ್ನಲ್ಲ. ಬೊಂಬೆ ಯಾವಾಗ?"

"ಯಾವ ಬೊಂಬೆ ಪುಟ್ಟಿ?" ಎಂದರು ಅವರು.

"ಚೆನ್ನಾಗಿತ್ತು ಅಂದ್ರೆ ನಂಗೆ ಬೊಂಬೆ. ಅಣ್ಣಂಗೆ ಕ್ರಿಕೆಟ್ ಬ್ಯಾಟು, ಅವನು ಪ್ರಬಂಧದಲ್ಲೂ ಬರೀಬೇಕು. ಅಮ್ಮ ಒಪ್ಪಲೇ ಇಲ್ಲ. ಅಪ್ಪ ಚಿಕ್ಕಪೇಟೆ ಜರಿ ಸೀರೆ ಅಂದ್ಮೇಲೆ ಒಪ್ಪಿದ್ಲು."

ನಾನು ನೆಲ ನೋಡಿದೆ. ಅವರು ನಗುತ್ತಾರೆ, ನಾಳೆ ಬೀದಿಗೆಲ್ಲ ಹೇಳುತ್ತಾರೆ ಎಂದು ಕಾದೆ. ಅವರು ನಗಲಿಲ್ಲ. ತಮ್ಮ ಮನೆಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ನನ್ನ ಪಕ್ಕಕ್ಕೆ ಬಂದು ಕುಳಿತು, ಕಿವಿಯ ಹತ್ತಿರ ಬಗ್ಗಿದರು.

"ಜರಿ ಸೀರೆನಾ ಮೇಷ್ಟ್ರೇ? ಮೆತ್ತಗೆ ಮಾತಾಡಿ, ನಮ್ಮವಳಿಗೆ ಕೇಳಿಸೀತು. ನಾನು ಇಷ್ಟು ವರ್ಷವೂ ರವಿಕೆ ಕಣದಲ್ಲೇ ಮುಗಿಸಿದೀನಿ."