ಬಾಳೂರಿಗೆ ಕಾಯಬೇಡ

ಎಲ್ಲಕ್ಕೂ ಕಾರಣ ಬಾಳೂರಿನ ನಿಧಾನ.

ಗಿರಿ ಬಣಕಲ್ಲಿನ ಕಾಫಿ ಬೆಳೆಗಾರರ ಸಂಘದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಹನ್ನೊಂದು ಎಸ್ಟೇಟುಗಳ ನಲವತ್ತು ವರ್ಷದ ಮಳೆಯನ್ನು ಇಂಚು, ಸೆಂಟು ಸಮೇತ ಎರಡು ವರ್ಷ ಕೂತು ಕಂಪ್ಯೂಟರಿಗೆ ಹತ್ತಿಸಿದ್ದ. ಒಂದು ಕೆಟ್ಟರೂ ಇನ್ನೊಂದು ಉಳಿಯಲಿ ಎಂದು ಅದೇ ದಾಖಲೆ ಸಂಘದ ಬಣಕಲ್, ಮಲ್ಲಂದೂರು, ಬಾಳೂರು ಮೂರೂ ಕಚೇರಿಗಳಲ್ಲಿ ಇತ್ತು. ಇಲ್ಲಿ ಒಂದಕ್ಷರ ತಿದ್ದಿದರೂ ಉಳಿದೆರಡು ಕಡೆಯಿಂದ ‘ಮುಟ್ಟಿತು’ ಎಂದು ಉತ್ತರ ಬರುವ ತನಕ ಕಾಯಬೇಕು. ಮಲ್ಲಂದೂರು ಚಿಟಿಕೆ ಹೊಡೆಯುವುದರೊಳಗೆ ಉತ್ತರಿಸುತ್ತಿತ್ತು. ಬಾಳೂರಿಗೆ ಮಾತ್ರ ಐದು ನಿಮಿಷ, ಮದುವೆಗೆ ಹೊರಟ ಅತ್ತೆ ಸೀರೆ ಆರಿಸಿದ ಹಾಗೆ. ಕಾದು ಕಾದು ಗಿರಿಗೆ ಒಂದೇ ಗುಂಡಿಯನ್ನು ಏಳೆಂಟು ಸಲ ಕುಟ್ಟುವ ಚಟ ಅಂಟಿತ್ತು. ಕಾಯುತ್ತಿದ್ದ ಕಂಪ್ಯೂಟರ್ ಮೊದಲನೆಯದೊಂದನ್ನು ಬಿಟ್ಟು ಉಳಿದದ್ದಕ್ಕೆ ಕಿವಿಗೊಡುತ್ತಿರಲಿಲ್ಲ.

ಅವತ್ತು ಮೂರು ಗಂಟೆಗೆ ಮಹಾಸಭೆ. ದಾಖಲೆ ಎಲ್ಲರಿಗೂ ತೋರಿಸಿ ಗಿರಿಯ ಕೆಲಸ ಖಾಯಂ ಮಾಡುವುದಾಗಿ ಅಧ್ಯಕ್ಷ ಬೆಳ್ಳಿಯಪ್ಪನವರು ಮಾತು ಕೊಟ್ಟಿದ್ದರು. ಬೆಳಿಗ್ಗೆ ಬಂದವರು ಪರದೆಯ ಮೇಲೆ ಸುತ್ತುವ ಚಕ್ರ ನೋಡಿದರು.

“ಏನ್ ಮಾರಾಯ, ಕಾಫಿ ಹಣ್ಣು ಸುಲಿಯೋ ಪಲ್ಪರಿಗಿಂತ ಜಾಸ್ತಿ ತಿರುಗ್ತದಲ್ಲ! ಸಭೇಲಿ ಮಾನ ಹೋಗ್ತದೆ. ಬಾಳೂರಿಗೆ ಕಾಯೋದು ಬಿಡು.”

“ಕಾಯೋದು ಸೇಫ್ಟಿಗೆ ಸಾರ್. ಎಲ್ಲಾ ಕಡೆ ಸೇರಿದೆ ಅಂತ ಗ್ಯಾರಂಟಿ.”

“ನಿಧಾನಕ್ಕೆ ಸೇರ್ಲಿ. ಮಳೆ ಬಂದು ಹೋಗಿ ಆಯ್ತು, ಇನ್ನೆಲ್ಲಿಗೆ ಓಡ್ತದೆ?”

ಗಿರಿ ಸೆಟ್ಟಿಂಗ್ ಬದಲಿಸಿದ. ಸಾಲದ್ದಕ್ಕೆ ಬಾಳೂರಿನ ಕಚೇರಿ ನೋಡಿಕೊಳ್ಳುವ ಸುಕನ್ಯಾಗೆ ಫೋನು ಮಾಡಿ, “ನಿಮ್ಮ ಕಂಪ್ಯೂಟರಿಗೆ ಜೀವ ಇದ್ಯಾ, ಇಲ್ವಾ?” ಎಂದು ಬೈದ.

ಎರಡೂವರೆಗೆ ಹನ್ನೊಂದರಲ್ಲೊಂದು ಎಸ್ಟೇಟಿನ ಒಡತಿ ರುಕ್ಮಿಣಮ್ಮ ಬಂದು ಪರದೆಗೆ ಬೆರಳು ಊರಿದರು. “ನಮ್ಮ ಎಸ್ಟೇಟು ಎರಡೆರಡು ಸಲ ಇದೆಯಲ್ಲ ಗಿರಿ! ನಾವೇನು ಮಳೆ ಕದ್ದಿದೀವಾ? ಒಂದನ್ನ ತೆಗೆದುಬಿಡು.”

ಗಿರಿ ‘ಅಳಿಸು’ ಒತ್ತಿದ. ಚಟ ಬಿಡಬೇಕಲ್ಲ, ಎಂಟು ಸಲ ಕುಟ್ಟಿದ. ಕಾಯುವ ಕೆಲಸ ತಪ್ಪಿದ ಕಂಪ್ಯೂಟರ್ ಈಗ ಒಂದೊಂದು ಏಟಿಗೂ ಒಂದೊಂದು ಎಸ್ಟೇಟು ನುಂಗಿತು. ಒಂದು ಹೋದರೆ ಕೆಳಗಿನದು ಮೇಲೆ ಬಂದು ತಾನೇ ಕತ್ತು ಕೊಡುತ್ತಿತ್ತು. ಎಂಟನೆಯದು ಬೆಳ್ಳಿಯಪ್ಪನವರದು.

“ಈಗ ಚೊಕ್ಕ ಆಯ್ತು” ಎಂದು ರುಕ್ಮಿಣಮ್ಮ ಸಭೆಯ ಕುರ್ಚಿ ಹಿಡಿಯಲು ಹೋದರು.

ಗಿರಿ ಮಲ್ಲಂದೂರಿನ ಪ್ರತಿ ತೆರೆದು ನೋಡಿದ, ಅಲ್ಲೂ ಅಳಿದಿತ್ತು. ಮೂರು ಕಡೆ ಇರುವಾಗ ಕಾಗದ ಯಾಕೆಂದು ಹಳೆಯ ಮಳೆ ಪುಸ್ತಕಗಳು ಹೋದ ವರ್ಷವೇ ಹಂಡೆ ಒಲೆ ಸೇರಿದ್ದವು. ಆಗ ಗಿರಿಗೆ ಬಾಳೂರು ನೆನಪಾಯಿತು. ಆ ಸೋಮಾರಿಗೆ ಸುದ್ದಿ ಮುಟ್ಟಲು ಇನ್ನೂ ನಾಲ್ಕು ನಿಮಿಷ ಇದೆ! ಮೊದಲ ಸಲ ಅದರ ನಿಧಾನಕ್ಕೆ ಮನಸ್ಸಿನಲ್ಲೇ ಕೈ ಮುಗಿದು ಫೋನೆತ್ತಿದ.

“ಸುಕನ್ಯಾ, ವಯರ್ ಕಿತ್ತು ಹಾಕು! ಬೇಗ!”

“ಯಾಕೆ ಗಿರಿಯಣ್ಣ? ನೀವು ಬೈದ್ರಲ್ಲ ಅಂತ ಮೆಕ್ಯಾನಿಕ್ ಅಹಮದಣ್ಣನ್ನ ಕರೆಸಿ ಜೀಪ್ ಶೆಡ್ಡಿನ ಮೇಲೆ ಆಂಟೆನಾ ಕಟ್ಟಿಸ್ದೆ. ಈಗ ನೀವು ಒತ್ತೋದ್ರೊಳಗೆ ಇಲ್ಲಿ ಆಗಿರ್ತದೆ. ಎಂಟು ಅಳಿಸೋಕೆ ಹೇಳಿದ್ರಿ, ಎಂಟೂ ಅಳಿಸಿ ಆಯ್ತು. ಇನ್ನು ಬೈಬೇಡಿ ಮಾರಾಯ್ರೆ.”

ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ‘ಮೂರೂ ಪ್ರತಿಗಳು ಒಂದೇ ಸಮ. ವ್ಯತ್ಯಾಸವಿಲ್ಲ.’

ಬೆನ್ನ ಹಿಂದೆ ಬಂದು ನಿಂತ ಬೆಳ್ಳಿಯಪ್ಪನವರು ಅದನ್ನು ಓದಿ ಗಿರಿಯ ಭುಜ ತಟ್ಟಿದರು.

“ನೋಡ್ದ್ಯಾ, ನಾನು ಹೇಳ್ಲಿಲ್ವಾ? ಎಲ್ರೂ ಬಂದಿದಾರೆ, ಮೊದ್ಲು ನಮ್ಮ ಎಸ್ಟೇಟಿಂದೇ ತೋರ್ಸು.”