ಅತ್ತೆ ಕೊಟ್ಟ ಮನೆಬೇರು

ಗಿಡ ಬೆಳೆಸುವುದು ಹೇಗೆಂದು ಹೇಳಿಕೊಡುವವರಿಗೆ ನಮ್ಮ ಕಣಿವೆಯಲ್ಲಿ ಬರವಿಲ್ಲ. ಪಾದ್ರಿಗಳು ಹೇಳುತ್ತಾರೆ, ಬಸ್ಸಿನ ಡ್ರೈವರ್ ಹೇಳುತ್ತಾನೆ, ಜೀವಮಾನದಲ್ಲಿ ಒಂದು ಈರುಳ್ಳಿಯನ್ನೂ ನೆಡದ ಕ್ಷೌರಿಕ ಹೇಳುತ್ತಾನೆ. ಆದರೆ ಒಂದು ಗಿಡವನ್ನು ಯಾರಿಗೂ ಅನುಮಾನ ಬಾರದಂತೆ ಪರಲೋಕಕ್ಕೆ ಕಳಿಸುವುದು ಹೇಗೆ ಎಂದು ಕೇಳಿ ನೋಡಿ. ಒಬ್ಬನೂ ಬಾಯಿ ಬಿಡುವುದಿಲ್ಲ. (ಕೇಳುವುದಕ್ಕೂ ಆಗುವುದಿಲ್ಲ ಅನ್ನಿ. ಕ್ಷೌರಿಕನಿಗೆ ಹೇಳಿದ್ದು ಸಂಜೆಯೊಳಗೆ ನನ್ನ ಹೆಂಡತಿಗೆ ತಲುಪುತ್ತದೆ.) ಹೀಗಾಗಿ ಆ ವಿದ್ಯೆಯನ್ನು ನಾನೇ ಏಕಲವ್ಯನಂತೆ ಗುರುವಿಲ್ಲದೆ ಕಲಿಯಬೇಕಾಯಿತು.

ನನ್ನ ಹೆಸರು ವೆಂಡೆಲಿನ್. ಟಿರೋಲ್ ಬೆಟ್ಟಗಳ ಮೇಲೆ, ಮೋಡಗಳು ದಾರಿ ಕೇಳಿಕೊಂಡು ಹೋಗುವಷ್ಟು ಎತ್ತರದ ಊರಿನಲ್ಲಿ, ಪ್ರವಾಸಿಗರನ್ನು ಕುರ್ಚಿಯಲ್ಲಿ ಕೂರಿಸಿ ತಂತಿಯ ಮೇಲೆ ಬೆಟ್ಟಕ್ಕೆ ಎಳೆಯುವ ಯಂತ್ರ ನಡೆಸುತ್ತೇನೆ. ಹೆಂಡತಿ ಬುರ್ಗಾ ಅಂಚೆ ಕಚೇರಿಯಲ್ಲಿದ್ದಾಳೆ. ನಮ್ಮ ಸಂಸಾರ ಚೆನ್ನಾಗಿಯೇ ಇತ್ತು, ಈಸ್ಟರ್ ಮರುದಿನ ಅತ್ತೆ ಬಂದು ಬಾಯಿ ತೆರೆಯುವವರೆಗೆ.

ನನ್ನ ಅತ್ತೆ ಕ್ರೆಸೆನ್ಸಿಯಾ ಮೂವತ್ತೊಂದು ವರ್ಷ ಹಿಮಶಿಖರದ ಕೆಳಗಿನ ತಂಗುಮನೆಯಲ್ಲಿ ಅಡುಗೆಯವರಾಗಿದ್ದವರು. ಮೂರು ದಿನ ಬಂಡೆಗೆ ನೇತಾಡಿ ಶಿಖರ ಗೆದ್ದು ಬಂದ ವೀರಾಧಿವೀರರೂ ಅವರ ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲುಚೀಲದ ತೂತನ್ನು ಇನ್ನೊಂದು ಕಾಲಿನಿಂದ ಮುಚ್ಚಿಕೊಂಡು, ಸೂಪಿಗೆ ಸಾಲಾಗಿ ನಿಲ್ಲುತ್ತಿದ್ದರಂತೆ. ಬಟ್ಟಲಲ್ಲಿ ಒಂದು ಚಮಚ ಉಳಿಸಿದವನಿಗೆ ಕಂಬಳಿ ಇಲ್ಲ. ಈಗ ಅಡುಗೆಯಿಂದ ನಿವೃತ್ತಿ. ಕಾನೂನು ಮಾಡುವುದರಿಂದ ನಿವೃತ್ತಿ ಇಲ್ಲ.

ಆ ದಿನ ಅವರು ಎರಡು ನೀಲಿ ಬೋಗುಣಿ ತಂದಿದ್ದರು. ಒಂದೊಂದರಲ್ಲೂ ಅವರ ಮನೆಯ ಛಾವಣಿಯಿಂದ ಕಿತ್ತ ಒಂದೊಂದು ಮನೆಬೇರು. ಗುಲಾಬಿ ಹೂವನ್ನು ಯಾರೋ ದಪ್ಪ ಎಲೆಯಲ್ಲಿ ಹೊಲಿದಂತೆ ಸುತ್ತುಸುತ್ತಾಗಿ ಕೂತಿರುತ್ತದಲ್ಲ, ಅದೇ ಗಿಡ. ತಾಯಿಕೋಳಿಯ ಹಾಗೆ ಸುತ್ತಲೂ ಮರಿ ಹಾಕುತ್ತದೆ. ಸಿಡಿಲು ಬೀಳದಿರಲಿ ಎಂದು ಛಾವಣಿಯ ಮೇಲೆ ಇಡುವುದು ನಮ್ಮಲ್ಲಿ ಅಜ್ಜಂದಿರ ಕಾಲದ ಪದ್ಧತಿ.

"ಹೋದ ಚಳಿಗಾಲ ಹಿಮದ ಮೇಲೆ ಎರಡು ಸಲ ಬಿದ್ದೆ," ಅಂದರು ಅತ್ತೆ. "ಮೂರನೇ ಸಲ ಬೀಳೋಕೆ ನಂಗಿಷ್ಟ ಇಲ್ಲ. ಇನ್ಮೇಲೆ ಚಳಿಗಾಲ ಪೂರ್ತಿ ಮಗಳ ಮನೇಲಿ. ಯಾವ ಮಗಳ ಮನೆ ಅಂತ ಜಗಳ ಬೇಡ. ಒಂದು ಬೋಗುಣಿ ಬುರ್ಗಾಗೆ, ಇನ್ನೊಂದು ಬೋಜನ್‌ನಲ್ಲಿರೋ ಒಟ್ಟೀಲಿಯಾಗೆ. ಸೆಪ್ಟೆಂಬರ್ ಕೊನೇಲಿ ಸಂತ ಮೈಕೆಲರ ಹಬ್ಬಕ್ಕೆ ಬಂದು ನೋಡ್ತೀನಿ. ಈ ಗಿಡ ಯಾವ ಮನೆಗೆ ಹೋಗು ಅನ್ನುತ್ತೋ ಆ ಮನೆಗೆ ಹೋಗ್ತೀನಿ. ಗಿಡ ಸುಳ್ಳು ಹೇಳಲ್ಲ. ಅಳಿಯಂದಿರ ಮಾತು ಬೇರೆ."

ಬುರ್ಗಾ ಕೈ ಮುಗಿದುಕೊಂಡು, "ನಮ್ಮಲ್ಲೇ ಚೆನ್ನಾಗಿ ಬೆಳೆಯುತ್ತೆ ನೋಡಮ್ಮಾ!" ಅಂದಳು. ನಾನೂ ನಕ್ಕೆ. ಆ ನಗು ನಗಲು ನಾನು ಪಟ್ಟ ಶ್ರಮ ದೇವರಿಗೇ ಗೊತ್ತು. ಯಾಕೆಂದರೆ ನಮ್ಮ ಮನೆಯನ್ನು ಬೆಚ್ಚಗಿಡುವ ಹೆಂಚಿನ ಒಲೆಗೆ ಆತುಕೊಂಡು ಒಂದು ಬೆಂಚಿದೆ. ಚಳಿಗಾಲದ ಮಧ್ಯಾಹ್ನ, ಹಂದಿಮಾಂಸದ ಉಂಡೆ ಎರಡು ತಿಂದು, ಅದರ ಮೇಲೆ ಮಲಗಿ ಬೆನ್ನು ಕಾಯಿಸಿಕೊಂಡರೆ ಸ್ವರ್ಗಕ್ಕೂ ನನಗೂ ಮೂರೇ ಗೇಣು. ಆ ಸಿಂಹಾಸನ ಅತ್ತೆಯ ಪಾಲಾದರೆ ನಾನು ರಾಜ್ಯಭ್ರಷ್ಟ.

ಬೆಳೆದ ಮನೆಗೆ ಅತ್ತೆ ಬರುತ್ತಾರೆ; ಆದ್ದರಿಂದ ಗಿಡ ಬೆಳೆಯಬಾರದು. ಇಷ್ಟು ಸರಳವಾದ ತರ್ಕ ನನ್ನ ಬದುಕಿನಲ್ಲಿ ಹಿಂದೆಂದೂ ಹೊಳೆದಿರಲಿಲ್ಲ.

ಮೊದಲು ಜಲಪ್ರಳಯ. ದಿನಕ್ಕೆ ಮೂರು ಹೊತ್ತು ಚೊಂಬುಗಟ್ಟಲೆ ನೀರು ಸುರಿದೆ. ಎಂಟನೇ ದಿನ ಬುರ್ಗಾ ಕೈಗೆ ಸಿಕ್ಕಿಬಿದ್ದೆ.

"ವೆಂಡೆಲ್! ಗಿಡಕ್ಕೆ ನೀರು ಹಾಕ್ತಿದ್ದೀಯಾ?"

"ಅದು... ಬಾಯಾರಿದ ಹಾಗೆ ಕಾಣಿಸ್ತು."

"ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಜ್ವರ ಬಂದು ಮಲಗಿದ್ದಾಗ್ಲೂ ನಂಗೊಂದು ಲೋಟ ನೀರು ತಂದುಕೊಟ್ಟವನಲ್ಲ ನೀನು!" ಅನ್ನುತ್ತಲೇ ಅವಳ ಕಣ್ಣು ತುಂಬಿ ಬಂತು. "ನಮ್ಮಮ್ಮನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡು ಬಾಯಲ್ಲಿ ಹೇಳ್ದೇನೇ ಇದ್ದೆಯಲ್ಲೋ!"

ಆ ಸಂಜೆ ಸೇಬಿನ ಸಿಹಿಸುರುಳಿ ಮಾಡಿ ಬಡಿಸಿದಳು. ತಿಂದೆ. ರುಚಿಯಾಗಿತ್ತು. ಗಿಡಕ್ಕಂತೂ ಏನೂ ಆಗಿರಲಿಲ್ಲ. ಬೋಗುಣಿಯ ತಳದಲ್ಲಿ ಅತ್ತೆ ಮೊಳೆಯಿಂದ ತೂತು ಹೊಡೆದು ಅರ್ಧಕ್ಕೆ ಜಲ್ಲಿ ತುಂಬಿದ್ದರು. ನಾನು ಸುರಿದ ನೀರೆಲ್ಲ ಕೆಳಗೆ ಹರಿದು ಪಕ್ಕದ ಮನೆಯವರ ಮೂಲಂಗಿಗೆ ಒಳ್ಳೆಯದಾಯಿತು.

ನೀರು ಬೇಡವೇ? ಸರಿ, ಕ್ಷಾಮ ಬರಲಿ. "ಬಿಸಿಲು ಬೀಳೋ ಕಡೆ ಇಡ್ತೀನಿ" ಎಂದು ಬೋಗುಣಿಯನ್ನು ಯಂತ್ರದ ಶೆಡ್ಡಿನ ತಗಡಿನ ಮೇಲಿಟ್ಟು ಐದು ವಾರ ಆ ಕಡೆ ತಲೆ ಹಾಕಲಿಲ್ಲ. ತಗಡು ಎಷ್ಟು ಕಾಯುತ್ತಿತ್ತೆಂದರೆ ಅದರ ಮೇಲೆ ಕೂತ ಕಾಗೆ ಕುಣಿಯುತ್ತಿತ್ತು. ಐದು ವಾರದ ನಂತರ ಏಣಿ ಹಾಕಿ ಹತ್ತಿ ನೋಡುತ್ತೇನೆ: ಹಸಿರಾಗಿದ್ದ ಗಿಡ ಬಿಷಪ್ಪರ ನಿಲುವಂಗಿಯಂತೆ ಕೆಂಪೇರಿ, ಸುತ್ತ ಏಳು ಮರಿಗಳನ್ನು ಕೂರಿಸಿಕೊಂಡು ನನ್ನನ್ನು ಎದುರುಗೊಳ್ಳುತ್ತಿದೆ! ನನಗೆ ಏಣಿಯ ಮೇಲೆಯೇ ತಲೆ ತಿರುಗಿತು.

"ಏಳು!" ಎಂದು ಬುರ್ಗಾ ಭಾನುವಾರ ಅತ್ತೆಗೆ ಫೋನಿನಲ್ಲಿ ಕೂಗಿದಳು. "ಎಲ್ಲಾ ನಿನ್ನ ಅಳಿಯನ ಕೈಗುಣ ಕಣಮ್ಮಾ!"

ಬೋಗುಣಿಯನ್ನು ನಮ್ಮ ಆಡಿನ ಮುಂದೆ ಹಿಡಿದೆ. ಜೇಬಿನಲ್ಲಿದ್ದ ನನ್ನ ಟೋಪಿಯನ್ನೂ ಬಿಡದೆ ತಿಂದ ಆಡು ಅದು. ಒಂದು ಮರಿಯನ್ನು ಕಚ್ಚಿ, ಜಗಿದು, ಥೂ ಎಂದು ಉಗಿದು, 'ಇಷ್ಟು ದಿನ ಉಪ್ಪು ತಿನ್ನಿಸಿದವನು ನೀನೇ ಏನಯ್ಯಾ' ಅನ್ನುವಂತೆ ನೋಡಿತು. ಉಗಿದ ಚೂರು ಗೋಡೆಯ ಸಂದಿಗೆ ಬಿದ್ದು ಹತ್ತು ದಿನದಲ್ಲಿ ಅಲ್ಲೇ ಬೇರು ಬಿಟ್ಟಿತು. ಹೋಟೆಲಿನ ಕೊರ್ಬಿನಿಯನ್‌ಗೆ ಏನೋ ಸುಳ್ಳು ಹೇಳಿ ಬೋಗುಣಿಯನ್ನು ಅವನ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟೆ. ವರ್ಷಕ್ಕೆ ಆರು ತಿಂಗಳು ಹಿಮದಡಿ ಮಲಗುವ ವಂಶದ ಕುಡಿ. ತವರಿಗೆ ಹೋಗಿ ಬಂದ ಮಗಳ ಹಾಗೆ ಮೈ ತುಂಬಿಕೊಂಡು ಹೊರಬಂತು. ಆಗಸ್ಟಿನ ಹೊತ್ತಿಗೆ ಹದಿನೆಂಟು ಮರಿ. ನಾನು ಕೊಲ್ಲುತ್ತಾ ಹೋದೆ, ಅದು ಹೆರುತ್ತಾ ಹೋಯಿತು.

ಅಂಥ ಕತ್ತಲಲ್ಲಿ ಬೆಳಕು ಬಂದದ್ದು ಟೆಲಿಫೋನಿನಲ್ಲಿ. ಒಟ್ಟೀಲಿಯಾ ಅಳುತ್ತಿದ್ದಳು. ಬೋಜನ್ ಪಟ್ಟಣ ಕೆಳಗೆ ಕಣಿವೆಯ ತಳದಲ್ಲಿದೆ. ಬೇಸಿಗೆಯಲ್ಲಿ ಗಾಳಿಯೂ ಬೆವರುತ್ತದೆ. ಅಲ್ಲಿನ ಸೆಕೆಗೆ ಅವರ ಮನೆಬೇರು ಬಾಡಿ ಬಿದ್ದಿದೆಯಂತೆ.

ಬಾಡಿ ಬಿದ್ದಿದೆ! ಆ ಎರಡು ಶಬ್ದ ನನ್ನ ಕಿವಿಗೆ ಚರ್ಚಿನ ಆರ್ಗನ್ನಿನಂತೆ ಕೇಳಿಸಿದವು. ಬೋಗುಣಿಗಳು ಎರಡೂ ಒಂದೇ ತರ. ಅದಲು ಬದಲು ಮಾಡಿದರೆ ಮುಗಿಯಿತು! ಮರುದಿನವೇ ಯಂತ್ರಕ್ಕೆ ಬೆಲ್ಟ್ ತರಬೇಕೆಂದು ಹೇಳಿ, ಬುರ್ಗಾ ಅಂಚೆ ಕಚೇರಿಗೆ ಹೋದ ಮೇಲೆ ಬೋಗುಣಿಯನ್ನು ಬೆನ್ನುಚೀಲದಲ್ಲಿ ಮುಚ್ಚಿಟ್ಟುಕೊಂಡು ಬಸ್ಸು ಹತ್ತಿದೆ.

ನನ್ನ ಷಡ್ಡಕ ಫ್ಲೋರಿನ್ ಬೋಜನ್‌ನಲ್ಲಿ ರೇಡಿಯೋ ರಿಪೇರಿ ಮಾಡುತ್ತಾನೆ. (ಊರಿಗೆ ಆ ಹೆಸರು ಯಾಕೆ ಬಂತೋ ತಿಳಿಯದು. ಅವನ ಹೊಟ್ಟೆ ನೋಡಿದರೆ ಭೋಜನಕ್ಕೂ ಅದಕ್ಕೂ ಸಂಬಂಧವಿದೆ ಅನ್ನಿಸುತ್ತದೆ.) ಬಾಲ್ಕನಿಯಲ್ಲಿ ಅವನು ಮಂಡಿಯೂರಿ ಕೂತಿದ್ದ. ಗಿಡದ ಮೇಲೆ ಕೊಡೆ. ಎದುರಿಗೆ ಟೇಬಲ್ ಫ್ಯಾನ್. ಪಕ್ಕದಲ್ಲಿ ಮಂಜುಗಡ್ಡೆಯ ತಟ್ಟೆ. ಇಷ್ಟೆಲ್ಲ ಸೇವೆ ನಡೆದರೂ ಗಿಡ ಎಲೆಕೋಸಿನಂತೆ ಬಿರಿದು, ಬಿಳಚಿಕೊಂಡು, ಬುಡದಲ್ಲಿ ಕೊಳೆಯುತ್ತಿತ್ತು.

"ಬೇಯ್ತಾ ಇದೆ ಕಣೋ ವೆಂಡೆಲ್," ಅಂದ, ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ. "ಸೆಕೆ ಆಗದು, ನೆರಳು ಆಗದು, ಒದ್ದೆ ಆಗದು. ಏನ್ ಮಾಡಿದ್ರೂ ಉಳೀತಿಲ್ಲ. ನಿಂದು ಹೇಗಿದೆ?"

"ಏನೋ ಇದೆ," ಅಂದೆ.

ಅಯ್ಯೋ ಪಾಪ, ಎಂಥ ಪೆದ್ದ ಎಂದುಕೊಂಡೆ. ಅತ್ತೆಯನ್ನು ಮನೆಗೆ ಕರೆತರಲು ಫ್ಯಾನ್ ಹಾಕಿಕೊಂಡು ತಪಸ್ಸು ಮಾಡುವ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಅವನು ತಣ್ಣನೆಯ ವೈನ್ ತರಲು ಒಳಗೆ ಹೋದ. ನಾನು ಬಗ್ಗಿದೆ, ಎತ್ತಿದೆ, ಇಟ್ಟೆ, ಚೀಲ ಕಟ್ಟಿದೆ, ಕೊಡೆಯನ್ನು ನನ್ನ ಕೆಂಪು ಮಹಾರಾಣಿಯ ತಲೆಗೆ ಸರಿಯಾಗಿ ಬಾಗಿಸಿದೆ. ಅವನು ಬರುವಷ್ಟರಲ್ಲಿ, "ಬಸ್ಸಿಗೆ ಹೊತ್ತಾಯ್ತು ಮಾರಾಯ!" ಎಂದು ಬಾಗಿಲು ದಾಟಿದ್ದೆ. ಬೆಲ್ಟ್ ತರುವುದು ಮರೆತೇ ಹೋಯಿತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆ. ಪಕ್ಕದ ಮುದುಕಿ ಎದ್ದು ಹೋಗಿ ಡ್ರೈವರ್ ಹಿಂದೆ ಕೂತಳು.

ಮನೆಯಲ್ಲಿ ಬುರ್ಗಾ ಗಿಡ ನೋಡಿ ಕಿರುಚಿದಳು.

"ಏನಾಯ್ತೋ ಇದಕ್ಕೆ? ಬೆಳಿಗ್ಗೆ ನಾನು ಹೊರಟಾಗ ಚೆನ್ನಾಗಿತ್ತು! ಮರಿಗಳೆಲ್ಲಿ?"

"ಏನೋ ಕಾಯಿಲೆ ಬಡಿದಿರ್ಬೇಕು. ಗಿಡಕ್ಕೂ ಪಾರ್ಶ್ವವಾಯು ಬರುತ್ತಂತೆ."

ನನಗಿದ್ದ ಒಂದೇ ಭಯವೆಂದರೆ ಬೆಟ್ಟದ ತಂಪುಗಾಳಿಗೆ ಅದು ಮತ್ತೆ ಚೇತರಿಸಿಕೊಂಡೀತು ಎಂಬುದು. ಆ ಭಯವನ್ನು ಬುರ್ಗಾಳೇ ನಿವಾರಿಸಿದಳು. ಪಾಪದವಳು ಗಿಡಕ್ಕೆ ಉಣ್ಣೆಯ ಶಾಲು ಸುತ್ತಿ, ಅಡುಗೆಮನೆಯಲ್ಲಿ ಇಟ್ಟು, ಬಿಸಿಬಿಸಿ ಮೂಳೆಸೂಪಿನ ತಿಳಿ ಚಮಚದಲ್ಲಿ ಕುಡಿಸಿದಳು. ನಾಲ್ಕು ತಿಂಗಳು ನನ್ನಂಥ ಕಟುಕನ ಕೈಯಲ್ಲಿ ಸಾಯದ ಜಾತಿ, ನಾಲ್ಕು ದಿನದ ಪ್ರೀತಿಗೆ ಪ್ರಾಣ ಬಿಟ್ಟಿತು. ಅವಳು ಬಿಕ್ಕಿ ಬಿಕ್ಕಿ ಅತ್ತಾಗ ಒಂದು ಕ್ಷಣ ನಿಜ ಹೇಳಿಬಿಡೋಣ ಅನ್ನಿಸಿತು. ಬೆಂಚಿನ ಕಡೆ ನೋಡಿದೆ. ಹೇಳಲಿಲ್ಲ.

ಸಂತ ಮೈಕೆಲರ ಹಬ್ಬದ ದಿನ ಮಧ್ಯಾಹ್ನ ಫ್ಲೋರಿನ್ ತನ್ನ ಪುಟಾಣಿ ಕಾರಿನಲ್ಲಿ ಹೆಂಡತಿಯನ್ನೂ ಅತ್ತೆಯನ್ನೂ ಕೂರಿಸಿಕೊಂಡು ಬಂದ. ಮೇಜಿನ ಮೇಲೆ ಎರಡು ಬೋಗುಣಿ. ಅವರದರಲ್ಲಿ ಕೆಂಪಗೆ ಕೊಬ್ಬಿದ ತಾಯಿ, ಇಪ್ಪತ್ತು ಮರಿ. ನಮ್ಮದರಲ್ಲಿ ಕಪ್ಪು ಲೋಳೆ.

ಅತ್ತೆ ಕನ್ನಡಕ ಹಾಕಿಕೊಂಡು ಅವರ ಮರಿಗಳನ್ನು ಎಣಿಸಿದರು. ನಮ್ಮ ಲೋಳೆಯನ್ನು ಬೆರಳಲ್ಲಿ ಮುಟ್ಟಿ ಮೂಸಿದರು. ಬುರ್ಗಾ ಸೆರಗಿನಂತೆ ಏಪ್ರನ್ನಿನ ಅಂಚು ಬಾಯಿಗೆ ಹಿಡಿದುಕೊಂಡಿದ್ದಳು. ನಾನು ಸಾಧ್ಯವಾದಷ್ಟು ಶೋಕದ ಮುಖ ಮಾಡಿ ನಿಂತಿದ್ದೆ.

"ಎಂಥಾ ದುರದೃಷ್ಟ ನೋಡಿ ಅತ್ತೆ," ಅಂದೆ. "ನಮಗೆ ಯೋಗ ಇಲ್ಲ. ಬೋಜನ್ ಮನೇಲಿ ಸುಖವಾಗಿರಿ."

ಅತ್ತೆ ಕನ್ನಡಕ ತೆಗೆದರು.

"ಬೋಜನ್‌ಗೆ ಯಾಕಪ್ಪಾ ಹೋಗ್ಲಿ? ಆ ಕುಲುಮೇಲೂ ಇದನ್ನ ಇಷ್ಟು ಚೆನ್ನಾಗಿ ಬೆಳೆಸಿದ್ದಾರೆ ಅಂದ್ರೆ ಅವರ ಸಂಸಾರ ನೆಟ್ಟಗಿದೆ. ಅಲ್ಲಿ ನಂಗೇನು ಕೆಲ್ಸ? ಇದು ಬಂಡೆ ಮೇಲೆ, ಮಣ್ಣಿಲ್ದೆ, ನೀರಿಲ್ದೆ ಬದುಕೋ ಗಿಡ ಕಣೋ. ಸುಮ್ನೆ ಬಿಟ್ರೆ ಸಾಕು, ಬೆಳೆಯುತ್ತೆ. ಇಂಥದ್ದನ್ನೂ ತಣ್ಣನೆ ಬೆಟ್ಟದ ಮೇಲೆ ಕೊಳೆಸಿದ್ದೀರಲ್ಲ, ನನ್ನ ಮಗಳ ಮನೆ ಯಾವ ಗತಿಗೆ ಬಂದಿರ್ಬೇಕು! ನಾನು ಬೇಕಾಗಿರೋದು ಇಲ್ಲಿ. ಈ ಚಳಿಗಾಲ ಅಷ್ಟೇ ಅಲ್ಲ. ಇದೆಲ್ಲ ಒಂದು ಹದಕ್ಕೆ ಬರೋವರೆಗೂ ಇಲ್ಲೇ ಇರ್ತೀನಿ. ಫ್ಲೋರಿನ್, ನನ್ನ ಟ್ರಂಕ್ ಇಳಿಸು."

ನಾನು ಹೊರಗೆ ಕಾರಿನ ಬಳಿಗೆ ಹೇಗೆ ಬಂದೆನೋ ಗೊತ್ತಿಲ್ಲ. ಫ್ಲೋರಿನ್ ಟ್ರಂಕಿನ ಒಂದು ಹಿಡಿಯನ್ನು ನನ್ನ ಕೈಗಿತ್ತ.

"ನಿನ್ನ ಉಪಕಾರ ಸತ್ರೂ ಮರೆಯಲ್ಲ ಮಾರಾಯ," ಎಂದು ಪಿಸುಗುಟ್ಟಿದ. "ನಂದು ಕೊಳೆತು ಹೋಗ್ತಿತ್ತು, ಮುದುಕಿ ನಮ್ಮ ಮನೆಗೇ ಬರ್ತಾಳೆ ಅಂತ ಜೀವ ಬಾಯಿಗೆ ಬಂದಿತ್ತು. ನೀನು ದೇವರ ಹಾಗೆ ಬಂದು ಬದಲಾಯಿಸ್ಕೊಂಡು ಹೋದೆ."

"ಅವರು ಸತ್ತ ಗಿಡದ ಮನೆಗೆ ಬರ್ತಾರೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಹೇಗೆ ಅಂದ್ರೆ? ಮೇ ತಿಂಗಳಲ್ಲೇ ಫೋನ್ ಮಾಡಿ ಕೇಳ್ದೆ. ನೀನು ಕೇಳ್ಲಿಲ್ವಾ?"

ನನ್ನ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯತೊಡಗಿತು. ಬಾಗಿಲಲ್ಲಿ ನಿಂತಿದ್ದ ಬುರ್ಗಾ ಓಡಿ ಬಂದು, ಟ್ರಂಕಿನ ಸಮೇತ ನನ್ನನ್ನು ತಬ್ಬಿಕೊಂಡಳು.

"ಅಮ್ಮಾ, ಬೇಗ ಬಂದು ನೋಡು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. "ನೀನು ಇಲ್ಲೇ ಇರ್ತೀಯ ಅಂತ ಸಂತೋಷಕ್ಕೆ ಹೇಗೆ ಅಳ್ತಿದ್ದಾನೆ!"