ಎದೆಬೇನೆ ಕೋಟಾದ ಮನೆ

ಪದೇ ಪದೇ ಮನೆ ಬದಲಿಸುವವರ ಹೃದಯ ಬೇಗ ಕೆಡುತ್ತದೆಂಬುದನ್ನು ಸರ್ಕಾರವು ತಜ್ಞರ ಸಮಿತಿಯ ಮೂಲಕ ಮನಗಂಡು, ಅಂಥವರಿಗೆ ಮನೆ ಒದಗಿಸಲು ಹೃದಯಸ್ಥೈರ್ಯ ವಸತಿ ಇಲಾಖೆಯನ್ನು ಸ್ಥಾಪಿಸಿತು. ಇಲಾಖೆಗೆ ಸ್ವಂತ ಕಟ್ಟಡವಿರಲಿಲ್ಲ. ಆದ್ದರಿಂದ ಅದು ಕಪಾಟು, ಕುರ್ಚಿ, ಗುಮಾಸ್ತರ ಸಮೇತ ಒಂದು ಬಾಡಿಗೆ ಕಟ್ಟಡದಿಂದ ಇನ್ನೊಂದಕ್ಕೆ ಸ್ಥಳಾಂತರಗೊಳ್ಳುತ್ತಲೇ ಇತ್ತು. ಮುಖ್ಯಾಧಿಕಾರಿಗಳು ಒಬ್ಬರಾದ ಮೇಲೊಬ್ಬರು ಎದೆನೋವಿನ ರಜೆ ಹಾಕಿ ಹೋದರು. ಸಮಿತಿಯ ವರದಿ ನಿಜವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ ಎಂದು ಇಲಾಖೆಯು ಸಂತೋಷದಿಂದ ದಾಖಲಿಸಿಕೊಂಡಿತು.

ಈ ಇಲಾಖೆಯ ಬಾಗಿಲಿಗೆ ಒಂದು ದಿನ ನಮ್ಮ ಟೈಲರ್ ಬಂದ.

ಅವನ ಕಥೆ ಹೊಸದೇನಲ್ಲ. ಮೊದಲನೇ ಓನರು ಮಗನ ಮದುವೆಯೆಂದು ಮನೆ ಬಿಡಿಸಿದ. ಆ ಮಗನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಇನ್ನೊಬ್ಬನಿಗೆ ಹೊಲಿಗೆ ಮಿಷನ್ನಿನ ಸದ್ದು ಕೇಳಿದರೆ ಜ್ವರ ಬರುತ್ತಿತ್ತಂತೆ. ಅದರ ಮುಂದಿನವನು ಕಾರಣ ಹೇಳುವ ಗೋಜಿಗೇ ಹೋಗಲಿಲ್ಲ. ಹೀಗೆ ಗಂಟುಮೂಟೆ ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟಿ, ಕೊನೆಗೆ ಯಾರು ಬಾಗಿಲು ತಟ್ಟಿದರೂ ಟೈಲರನ ಎದೆ ಝಲ್ಲೆನ್ನತೊಡಗಿತು. ಒಂದು ಸಲ ಬಚ್ಚಲೊಳಗಿಂದ ಹೆಂಡತಿ ಟವೆಲ್ ಕೇಳಲು ಬಾಗಿಲು ತಟ್ಟಿದ್ದಕ್ಕೇ ಪಾಪ ಕುಸಿದು ಕೂತ.

ಹೃದಯದ ಡಾಕ್ಟರಮ್ಮ ಅವನ ಎದೆಯನ್ನು ಬಹಳ ಹೊತ್ತು ಕೇಳಿಸಿಕೊಂಡರು. "ಮಾತ್ರೆ ಬರೀತೀನಿ, ತಗೊಳ್ಳಿ. ಆದ್ರೆ ನಿಮಗೆ ಬೇಕಾಗಿರೋದು ಮಾತ್ರೆ ಅಲ್ಲಪ್ಪ. ಯಾರೂ ಬಿಡಿಸದೇ ಇರೋ ಒಂದು ಮನೆ." ಅದನ್ನೂ ಚೀಟಿಯಲ್ಲಿ ಬರೆದರು. ಔಷಧಿ ಅಂಗಡಿಯವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾತ್ರೆ ಇದೆ, ಮನೆ ಸ್ಟಾಕಿಲ್ಲ," ಎಂದು ಇಲಾಖೆಗೆ ಕಳಿಸಿದ.

ಇಲಾಖೆಯು ಅವನ ನಾಡಿ ಹಿಡಿದು ನೋಡಿ ಕೂಡಲೇ ಮನೆ ಮಂಜೂರು ಮಾಡಿತು. ಕೀಲಿಕೈ ಕೊಡುವಾಗ ಗುಮಾಸ್ತ ನಿಯಮ ಓದಿದ: "ಸದರಿ ಮನೆಯು ಹೃದ್ರೋಗಿಗಳಿಗೆ ಮಾತ್ರ ಮೀಸಲು. ಫಲಾನುಭವಿಯು ಗುಣಮುಖನಾದ ಪಕ್ಷದಲ್ಲಿ ಮನೆಯನ್ನು ಖಾಲಿ ಮಾಡಿ, ಇನ್ನೂ ಕಾಯಿಲೆಯಲ್ಲಿರುವ ಅರ್ಹರಿಗೆ ಬಿಟ್ಟುಕೊಡತಕ್ಕದ್ದು."

"ಗುಣ ಆಗ್ಲಿ ಅಂತ ತಾನೇ ಸಾರ್ ಮನೆ ಕೊಡೋದು?" ಟೈಲರ್ ಕೇಳಿದ.

"ಹೌದು."

"ಗುಣ ಆದ್ರೆ ಕಿತ್ಕೊಳ್ಳೋದಾ?"

"ಗುಣ ಆದ್ಮೇಲೆ ನಿಮಗ್ಯಾಕ್ರೀ ಮನೆ? ಜ್ವರ ಬಿಟ್ಟ ಮೇಲೂ ಮಾತ್ರೆ ನುಂಗ್ತೀರಾ?"

ಮಾತು ನ್ಯಾಯವಾಗಿಯೇ ಇತ್ತು. ಟೈಲರ್ ಕೀಲಿಕೈ ಜೇಬಿಗಿಳಿಸಿದ.

ಎರಡು ಕೋಣೆಯ ಮನೆ. ಬೆಳಗಿನ ಬಿಸಿಲು ನೇರ ಹೊಲಿಗೆ ಮಿಷನ್ನಿನ ಸೂಜಿಯ ಮೇಲೇ ಬೀಳುತ್ತಿತ್ತು. ಹೋದ ದಿನವೇ ಹೆಂಡತಿ ಸುತ್ತಿಗೆ ತಗೊಂಡು ಗೋಡೆಗೆ ಒಂದು ಮೊಳೆ ಹೊಡೆದಳು. ಏನು ತೂಗುಹಾಕಬೇಕೆಂದು ಅವಳಿಗೂ ಗೊತ್ತಿರಲಿಲ್ಲ. "ಇಷ್ಟು ವರ್ಷದಲ್ಲಿ ಒಂದು ಮೊಳೆ ಹೊಡೆಯೋಕೆ ಯಾವ ಓನರ್ ಬಿಟ್ಟಿದ್ದ ಹೇಳಿ," ಎಂದು ಅದನ್ನೇ ನೋಡುತ್ತ ನಿಂತಳು. ಟೈಲರನಿಗೆ ಹೊಟ್ಟೆಯೊಳಗೆ ತಣ್ಣಗಾಯಿತು. ಆ ರಾತ್ರಿ ಗೊರಕೆ ಹೊಡೆದ.

ಅಲ್ಲಿಂದಲೇ ಅನಾಹುತ ಶುರುವಾಯಿತು. ಊಟ ಸೇರತೊಡಗಿತು. ಮೆಟ್ಟಿಲು ಹತ್ತುವಾಗ ಹಾಡು ಗುನುಗತೊಡಗಿದ. ಹೆಂಡತಿಗೆ ಜೀವ ಬಾಯಿಗೆ ಬಂತು. "ಮೆಲ್ಲಗೆ ರೀ. ಅಕ್ಕಪಕ್ಕದವರು ಕೇಳಿಸ್ಕೊಂಡ್ರೆ ನೀವು ಚೆನ್ನಾಗಿದೀರಿ ಅಂತ ಹಬ್ಬಿಸ್ತಾರೆ."

ತಪಾಸಣೆಯ ದಿನ ಇಲಾಖೆಯ ಇನ್‌ಸ್ಪೆಕ್ಟರು ಬಿಪಿ ನೋಡುವ ಯಂತ್ರ ಹಿಡಿದು ಬರುತ್ತಿದ್ದರು. ಮೊದಲ ತಪಾಸಣೆಗೆ ಹೆಂಡತಿ ಮುಂಜಾಗ್ರತೆಯಾಗಿ ತನ್ನ ತಮ್ಮನನ್ನು ಕರೆಸಿದ್ದಳು. ಭಾವಮೈದ ಬಂದವನೇ ಕಾಲ ಮೇಲೆ ಕಾಲು ಹಾಕಿ, "ಭಾವ, ಈ ಕಾಲದಲ್ಲಿ ಬಟ್ಟೆ ಹೊಲಿಸೋರು ಯಾರಿದಾರೆ? ಮಿಷನ್ ಗುಜರಿಗೆ ಹಾಕಿ, ನನ್ನ ಜೊತೆ ಸೇರ್ಕೊಳ್ಳಿ," ಎಂದ. ಇನ್‌ಸ್ಪೆಕ್ಟರು ಯಂತ್ರ ನೋಡಿ, "ಭೇಷ್, ಭರ್ತಿ ಕಾಯಿಲೆ," ಎಂದು ಬರೆದುಕೊಂಡು ಹೋದರು. ಭಾವಮೈದ ಬಾಳಿನಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದಿದ್ದ.

ಆದರೆ ಮುಂದಿನ ತಪಾಸಣೆಯ ಹೊತ್ತಿಗೆ ಟೈಲರ್ ಎಷ್ಟು ನೆಮ್ಮದಿಯಾಗಿದ್ದನೆಂದರೆ, ಭಾವಮೈದನ ಮಾತು ಕೇಳಿ ಹೊಟ್ಟೆ ಹಿಡಿದು ನಕ್ಕುಬಿಟ್ಟ. ಇನ್‌ಸ್ಪೆಕ್ಟರ ಮುಖ ಸಪ್ಪಗಾಯಿತು. ಚೀಲದಿಂದ ಕಾಗದ ತೆಗೆದು, ಗಂಟಲು ಸರಿಮಾಡಿಕೊಂಡು ಓದಿದರು: "ತಾವು ಗುಣಮುಖರಾಗಿರುವುದು ಇಲಾಖೆಗೆ ಹೆಮ್ಮೆಯ ಸಂಗತಿ. ಹಾರ್ದಿಕ ಅಭಿನಂದನೆಗಳು. ಆದಕಾರಣ ಮನೆಯನ್ನು ಖಾಲಿ ಮಾಡತಕ್ಕದ್ದು."

ಹೆಂಡತಿ ಮೊಳೆಯ ಕಡೆ ನೋಡಿದಳು. ಟೈಲರ್ ಎದೆ ಹಿಡಿದುಕೊಂಡು ಮಿಷನ್ನಿನ ಮೇಲೆ ಒರಗಿದ. ಹಣೆಯಲ್ಲಿ ಬೆವರೊಡೆಯಿತು.

"ತಡೀರಿ ತಡೀರಿ," ಇನ್‌ಸ್ಪೆಕ್ಟರು ಯಂತ್ರದ ಪಟ್ಟಿಯನ್ನು ಮತ್ತೆ ಅವನ ತೋಳಿಗೆ ಸುತ್ತಿದರು. "ಅರೆ, ಏರಿದೆಯಲ್ರೀ. ಹಾಗಾದ್ರೆ ನೀವು ಅರ್ಹರೇ. ನೋಟಿಸು ರದ್ದು."

ಟೈಲರ್ ನಿಟ್ಟುಸಿರು ಬಿಟ್ಟ. ಹೆಂಡತಿ ನೀರು ತಂದುಕೊಟ್ಟಳು.

ಇನ್‌ಸ್ಪೆಕ್ಟರು ನಿಷ್ಠಾವಂತರು. ನಿಟ್ಟುಸಿರು ಕೇಳಿದ ಮೇಲೆ ಅಳೆಯದೆ ಬಿಡುವುದು ಅವರ ಕೈಲಾಗಲಿಲ್ಲ. "ಇಳಿದುಬಿಟ್ಟಿದೆ. ಖಾಲಿ ಮಾಡ್ಬೇಕಾಗುತ್ತೆ." ಏರಿತು. "ರದ್ದು." ಇಳಿಯಿತು. ನೋಟಿಸು ಚೀಲದಿಂದ ಮೇಜಿಗೆ, ಮೇಜಿನಿಂದ ಚೀಲಕ್ಕೆ ಓಡಾಡಿ ಮೂಲೆಗಳು ಮಡಚಿಕೊಂಡವು. ಯಂತ್ರದ ಗಾಳಿಬುರುಡೆ ಒತ್ತಿ ಒತ್ತಿ ಇನ್‌ಸ್ಪೆಕ್ಟರ ಕೈ ಸೋತಿತು.

"ನಂಗೂ ಮನೆ ಇಲ್ಲ ಕಣ್ರೀ," ಎಂದರು ಕೊನೆಗೆ, ಕುರ್ಚಿಗೆ ಒರಗಿ. "ಆಫೀಸು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗ್ತೀನಿ. ಸಂಕಟ ಗೊತ್ತು. ಆದ್ರೆ ಒಂದು ಕಾಗದದಲ್ಲಿ ಎರಡೂ ಬರೆಯೋಕಾಗಲ್ವಲ್ಲ."

ಪ್ರಕರಣವು ಮುಖ್ಯಾಧಿಕಾರಿಗಳ ಬಳಿ ಹೋಯಿತು. ಅವರು ರಜೆಯಲ್ಲಿದ್ದುದರಿಂದ ಆಸ್ಪತ್ರೆಯ ಹಾಸಿಗೆಯಿಂದಲೇ ಸುತ್ತೋಲೆ ಹೊರಡಿಸಿದರು: "ಪರಿಶೀಲಿಸಲಾಗಿ, ಖಾಲಿ ಮಾಡುವ ನೋಟಿಸು ಕಣ್ಣೆದುರಿಗಿರುವವರೆಗೆ ಫಲಾನುಭವಿಯು ಗುಣವಾಗುವುದಿಲ್ಲವೆಂದೂ, ಗುಣವಾಗದವನನ್ನು ಖಾಲಿ ಮಾಡಿಸಲು ಅವಕಾಶವಿಲ್ಲವೆಂದೂ ಕಂಡುಬಂದಿದೆ. ಆದ್ದರಿಂದ ಎಲ್ಲಾ ಮನೆಗಳಲ್ಲೂ ನೋಟಿಸನ್ನು ಕಾಯಂ ಆಗಿ ತೂಗುಹಾಕತಕ್ಕದ್ದು. ಜಾರಿಗೊಳಿಸತಕ್ಕದ್ದಲ್ಲ."

ಎಲ್ಲರಿಗೂ ಒಪ್ಪಿಗೆಯಾಯಿತು. ಯಾರೂ ಗುಣವಾಗಲಿಲ್ಲ, ಯಾರೂ ಮನೆ ಕಳೆದುಕೊಳ್ಳಲಿಲ್ಲ. ಇಲಾಖೆಗೆ ಉತ್ತಮ ಸಾಧನೆಯ ಪ್ರಶಸ್ತಿ ಬಂತು. ಅದನ್ನು ಸ್ವಂತದ ಗೋಡೆ ಸಿಕ್ಕಿದ ಕೂಡಲೇ ತೂಗುಹಾಕಲಾಗುವುದು. ಟೈಲರನ ಮನೆಯಲ್ಲಿ ನೋಟಿಸಿಗೆ ಜಾಗ ಹುಡುಕುವ ತಾಪತ್ರಯವಿರಲಿಲ್ಲ. ಮೊಳೆ ಮೊದಲೇ ಇತ್ತಲ್ಲ. ನೋಟಿಸು ಹರಿದುಹೋದರೆ ಮನೆಗೇ ಸಂಚಕಾರವೆಂದು ಟೈಲರ್ ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕಿನ ಕವರು ಹೊಲಿದು ಹಾಕಿದ, ಅಂಚಿಗೆ ಕೆಂಪು ಪೈಪಿಂಗ್ ಕೊಟ್ಟು. ಅಕ್ಕಪಕ್ಕದವರೂ ನಮಗೊಂದು ನಮಗೊಂದು ಎಂದು ಸಾಲುಗಟ್ಟಿದರು. ಹೆಂಡತಿ ದಿನಾ ಬೆಳಗ್ಗೆ ಕವರಿನ ಧೂಳು ಒರೆಸಿ, ಅದನ್ನು ಮಿಷನ್ನಿಗೆ ಎದುರಾಗಿ ತಿರುಗಿಸಿ ಇಡುವಳು. "ಒಂದ್ಸಲ ಓದ್ಕೊಳ್ರೀ," ಎಂದು ನೆನಪಿಸಿ ಒಳಗೆ ಹೋಗುವಳು. ಒಳಗೆ ಟ್ರಂಕುಗಳು ಹಗ್ಗ ಕಟ್ಟಿದಂತೆಯೇ ಇದ್ದವು.

ಮುಂದಿನ ಸಲ ಡಾಕ್ಟರಮ್ಮ ಕೇಳಿದರು, "ಮನೆ ಸಿಕ್ತಂತಲ್ಲ. ಈಗ ಎದೆ ಹೇಗಿದೆ?"

"ಡವಡವ ಅಂತ ಹೊಡ್ಕೋತಿದೆ ಡಾಕ್ಟ್ರೇ," ಎಂದ ಟೈಲರ್, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಹೀಗೇ ಇರಲಿ ಬಿಡಿ. ಇದು ಹೊಡ್ಕೊಳ್ಳೋವರೆಗೂ ಮನೆ ನಮ್ದೇ."